ಹಗೇವಿಗಿಳಿದ ಗಾಲಿಗಳು

ಸೊಲ್ಲಾಪುರದಲ್ಲಿ ಚಾದರದ ಅಂಗಡಿ ಇಟ್ಟಿದ್ದ ನಮ್ಮಪ್ಪ, ಮಿಲಿಟರಿಯವರು ಹರಾಜಿಗೆ ಹಾಕಿದ ಹಳೆಯ ಮೋಟಾರೊಂದನ್ನು ತಂದು ಓಣಿಯ ಬಾಯಿಗೆ ನಿಲ್ಲಿಸಿದ. ಅದರ ಬೆನ್ನ ಮೇಲೊಂದು ಖೋಲಿ; ಒಳಗೆ ಎರಡು ಮಂಚ, ಒಂದು ಸ್ಟೋ, ಒಂದು ಕಪಾಟು. ಜನ ಅದನ್ನು ಮನಿಗಾಡಿ ಎಂದರು. ನಮ್ಮಜ್ಜಿ ಮಾತ್ರ, "ಇದ್ದ ಮನಿ ಸಾಲ್ದಂತ ಓಡೋ ಮನಿ ತಂದಾನ, ಹುಚ್ಚಪ್ಪ!" ಎಂದು ಹಣೆ ಬಡಿದುಕೊಂಡಳು.

ಹುಚ್ಚು ಹಿಡಿಸಿದವಳು ನಮ್ಮವ್ವ. ಅತ್ತೆ, ನಾದಿನಿಯರು, ನೆಗೆಣ್ಣಿಯರು ತುಂಬಿದ ಆ ಮನೆಯಲ್ಲಿ ಅವಳಿಗೆ ತಲೆ ಬಾಚಿಕೊಳ್ಳಲೂ ಒಂದು ಮೂಲೆ ಇರಲಿಲ್ಲ. ಬೇಸಿಗೆಯಲ್ಲಿ ಮಹಾಬಳೇಶ್ವರದ ಥಂಡಿಗೆ ಹೋಗಿ, ಯಾರೂ ತನ್ನನ್ನು ಕೂಗಿ ಕರೆಯದ ಕಡೆ ಒಂದೆಂಟು ದಿನ ಇರಬೇಕು. ಮದುವೆಯಾದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. ಅಪ್ಪ ಹೂಂ ಅಂದಿದ್ದ.

ಬೇಸಿಗೆ ಇನ್ನೂ ದೂರವಿತ್ತು. ಟಾಂಗಾ ತಿರುಗಿಸಲೂ ಜಾಗವಿಲ್ಲದ ಓಣಿಯಲ್ಲಿ ಮನಿಗಾಡಿ ಎಲ್ಲಿ ನಿಲ್ಲಬೇಕು? ಅಕ್ಕಲಕೋಟೆ ಕಡೆಯ ವಾಗದರಿಯಲ್ಲಿ ಅವ್ವನ ಅಕ್ಕನ ಹೊಲವಿತ್ತು. ಅಲ್ಲಿ, ಕುರಿಹಟ್ಟಿಯ ಪಕ್ಕ, ಬಿಡುವುದೆಂದಾಯಿತು. ಒಯ್ದು ಬಿಟ್ಟ ಸಾತಾರಾ ಕಡೆಯ ಡ್ರೈವರ್, ವಾಪಸ್ ಹೊರಟಾಗ ಬಸ್ಸಿನ ಕಿಟಕಿಯಿಂದ ದೊಡ್ಡವ್ವನಿಗೆ ಮರಾಠಿಯಲ್ಲಿ ಕೂಗಿ ಹೇಳಿದನಂತೆ: "ಮಾವಶೀ, ಚಾಕಂ ಕಾಢೂ ನಕಾ!" ಗಾಲಿ ಬಿಚ್ಚಬೇಡಿ ಅಂತ. ನಕಾ ಅಂದರೆ ಬೇಡ ಎಂಬುದು ದೊಡ್ಡವ್ವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಬಸ್ಸಿನ ಗದ್ದಲದಲ್ಲಿ ಅವಳ ಕನ್ನಡದ ಕಿವಿಗೆ ಬಿದ್ದದ್ದು 'ನಾಕ'. ನಾಲ್ಕು ಗಾಲಿ ಬಿಚ್ಚು!

ಬಿಚ್ಚಿಸಿದಳು, ಮಹಾತಾಯಿ! ಕಮ್ಮಾರನನ್ನು ಕರೆಸಿ, ಗಾಡಿಯನ್ನು ಕಲ್ಲಿನ ಮೇಲೆ ಕೂರಿಸಿ, ನಾಲ್ಕನ್ನೂ. ಇಷ್ಟು ಕಷ್ಟಪಟ್ಟು ಬಿಚ್ಚಿಸಿದ್ದನ್ನು ಕಳ್ಳರು ಒಯ್ದರೆ? ನೆಲದೊಳಗೆ ಜೋಳ ತುಂಬಿಡುವ ಹಗೇವು ಆಗ ಖಾಲಿ ಇತ್ತು. ಅದರ ಬಾಯಿ ಕೆತ್ತಿಸಿ ಅಗಲ ಮಾಡಿ ಗಾಲಿಗಳನ್ನು ಒಳಗಿಳಿಸಿದಳು. ರಾಶಿಯಾದ ಮೇಲೆ ಅವುಗಳ ಮೇಲೆಯೇ ಹೊಸ ಜೋಳ ಸುರಿದು, ಮಣ್ಣು ಮೆತ್ತಿ ಮುಚ್ಚಿದರು.

ಬೇಸಿಗೆ ಬಂತು. ಶಾಲು, ಸ್ವೆಟರು ಕಟ್ಟಿಕೊಂಡು ನಾವು ಮೂವರು ವಾಗದರಿಗೆ ಹೋಗಿ ಇಳಿದೆವು. ಅಪ್ಪನ ಮುಖ ಕಪ್ಪಿಟ್ಟಿತು.

"ಅಕ್ಕಾರ, ಗಾಲಿ ಎಲ್ಲಿ?"

"ಜ್ವಾಳದ ಬುಡಕ್ಕ ಅದಾವ್ರಿ ಸಾವಕಾರ್ರ. ಯಾರೂ ಮುಟ್ಟಿಲ್ಲ."

"ತಗಸ್ರಿ ಮತ್ತ!"

"ಒಮ್ಮಿ ಬಾಯಿ ತಗದ್ರ ಜ್ವಾಳೆಲ್ಲಾ ಹೊರಗ ಹಾಕಬೇಕ್ರಿ. ಮುಂದ ಮಳಿಗಾಲದಾಗ ಎಲ್ಲಿಡೂದು, ನಿಮ್ಮ ಮನಿಗಾಡ್ಯಾಗ?"

ಅಪ್ಪ ತಲೆಯ ಮೇಲೆ ಕೈಹೊತ್ತು ಕೂತ. ಅವ್ವ ತನ್ನ ಗಂಟು ಎತ್ತಿಕೊಂಡು ಗಾಡಿ ಹತ್ತಿ, ಒಳಗಿನಿಂದ ಚಿಲಕ ಹಾಕಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡು ನನಗೂ ಅಳು ಬಂತು. ದೊಡ್ಡವ್ವನ ಮೇಲೆ ಬಂದ ಸಿಟ್ಟಂತೂ ಹೇಳಲಾರೆ.

ಸಂಜೆಯವರೆಗೂ ಕದ ತೆರೆಯಲಿಲ್ಲ. ಕೊನೆಗೆ ಅಪ್ಪ ಚಹಾದ ಕಪ್ಪು ಹಿಡಿದು ಹೋಗಿ ಕದ ಬಡಿದ.

"ಯಾರು?" ಅಂದಳು ಅವ್ವ.

"ನಾನ."

"ಏನ್ ಕೆಲಸಿತ್ರಿ?"

ಅಪ್ಪ ತಬ್ಬಿಬ್ಬಾದ. "ಚಾ ತಂದೀನಿ. ಸಿಟ್ಟಾಗಬ್ಯಾಡ. ಮುಂದಿನ ವರ್ಷ ಖರೇನ ಮಹಾಬಳೇಶ್ವರಕ್ಕ…"

"ಅಲ್ಲೇ ಇಡ್ರಿ," ಎಂದಿತು ನಿದ್ದೆಗಣ್ಣಿನ ದನಿ. "ನಾ ಇನ್ನೂ ಮಕ್ಕೊಂಡೀನಿ."

ಅವ್ವ ಹಗಲಲ್ಲಿ ಮಲಗಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅಪ್ಪ ಕಪ್ಪನ್ನು ಕಲ್ಲಿನ ಮೇಲಿಟ್ಟ. ಆಮೇಲೆ ಧೋತರ ಮೇಲೆತ್ತಿ ಕಟ್ಟಿ, ಅಲ್ಲಿ ಒದರುತ್ತಿದ್ದ ಕುರಿಗಳನ್ನೆಲ್ಲ ತಾನೇ ದೂರ ಹೊಡೆದುಕೊಂಡು ಹೋದ.