ತಾರಕ್ಕನ ಸುರಗಿ

ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ತಾರಕ್ಕ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಮರದ ಹೆಸರಿನಿಂದ ಕರೆಯುತ್ತಿದ್ದರು. ಇದು ಗೊತ್ತಿಲ್ಲದೆ ನಾನು ಮೊದಲ ಸಲ ಅವರ ಮನೆಗೆ ಹೋದಾಗ ಅವರು ಫೋನಿನಲ್ಲಿ ಯಾರಿಗೋ ಜೋರಾಗಿ ಹೇಳುತ್ತಿದ್ದರು: "ಕಕ್ಕೆಗೆ ಸಕ್ಕರೆ ಕಾಯಿಲೆ ಶುರುವಾಗಿದೆಯಂತೆ ಮಾರಾಯ್ತಿ. ಹೊಳೆದಾಸವಾಳಕ್ಕೆ ಮತ್ತೆ ಹೆಣ್ಣು. ರಂಜ ಗಂಡನ ಹತ್ರ ಜಗಳ ಮಾಡ್ಕೊಂಡು ಬಂದು ಕೂತಿತ್ತು, ನಿನ್ನೆ ಬೈದು ಕಳಿಸಿದೆ."

ಜಗುಲಿಯಲ್ಲಿ ಕಾಫಿ ಹಿಡಿದು ಕೂತಿದ್ದ ನನ್ನ ಮುಖ ನೋಡಿ ಅವರ ತಮ್ಮ ಮಂಜಣ್ಣ ನಕ್ಕರು.

"ತಲೆ ಕೆಟ್ಟಿಲ್ಲ ಮಾರಾಯ. ಅವೆಲ್ಲ ಮನುಷ್ಯರೇ."

ಆಗ ನಾನು ಮೂಡಿಗೆರೆಯಲ್ಲಿ ಪತ್ರಿಕೆಯೊಂದರ ವರದಿಗಾರ. ತೊಂಬತ್ತರ ದಶಕದ ಆರಂಭ. ಕಾಫಿ ಸೀಮೆಯ ವರದಿಗಾರನಿಗೆ ಪ್ರತಿ ಬೇಸಿಗೆಯಲ್ಲೂ ತಪ್ಪದೆ ಬರುವ ಸುದ್ದಿ ಒಂದೇ: ಹೂಮಳೆ ಬಂತೋ ಇಲ್ಲವೋ. ಬೇಸಿಗೆಯಲ್ಲಿ ಬೀಳುವ ಆ ಒಂದು ಮಳೆಗೆ ಕಾಫಿ ಮೊಗ್ಗು ಅರಳುತ್ತದೆ. ಬಾರದಿದ್ದರೆ ಇಲ್ಲ. ಅದರ ಬಗ್ಗೆ ಬರೆಯಲು ಒಂದಷ್ಟು ತೋಟಗಳನ್ನು ಸುತ್ತುತ್ತಿದ್ದೆ. ಬಾಳೂರಿನ ಆಚೆ, ಜೀಪು ಮಾತ್ರ ಹೋಗುವ ದಾರಿಯ ಕೊನೆಯಲ್ಲಿದ್ದ ಈ ತೋಟ ಅವುಗಳಲ್ಲೊಂದು. ಅಕ್ಕತಮ್ಮಂದಿರು ಅದನ್ನು ಪಾಲು ಮಾಡಿಕೊಂಡಿರಲಿಲ್ಲ. ಕಾಫಿಯನ್ನು ಮಂಜಣ್ಣ ನೋಡಿಕೊಳ್ಳುತ್ತಿದ್ದರು. ಮನೆಯ ಸುತ್ತಿನ ಹೂಮರಗಳ ಗುಡ್ಡವನ್ನು ತಾರಕ್ಕ.

ಆ ಗುಡ್ಡದಲ್ಲಿ ಒಂದು ಕಾಫಿ ಗಿಡವೂ ಇರಲಿಲ್ಲ. ಮೆಣಸು ಹಬ್ಬಿಸಿರಲಿಲ್ಲ, ಸಿಲ್ವರ್ ಓಕ್ ಇರಲಿಲ್ಲ. ಮಾರಲು ಬರುವ ಏನೂ ಇರಲಿಲ್ಲ ಎಂದರೆ ಸರಿ. ಆ ಮನೆಯ ಪದ್ಧತಿಯೊಂದು ಅಲ್ಲಿ ಮರವಾಗಿ ನಿಂತಿತ್ತು. ಮನೆಯಿಂದ ಮದುವೆಯಾಗಿ ಹೋಗುವ ಹೆಣ್ಣು, ದಿಬ್ಬಣ ಹೊರಡುವ ಮೊದಲು ತನಗೆ ಬೇಕಾದ ಒಂದು ಹೂವಿನ ಗಿಡ ನೆಟ್ಟು ಹೋಗಬೇಕು. ನೆಡುವುದಷ್ಟೇ ಅವಳ ಕೆಲಸ, ಉಳಿಸಿಕೊಳ್ಳುವುದು ತವರಿನ ಕೆಲಸ. ಯುಗಾದಿಗೆ ಬಂದಾಗ ಅದು ಹೇಗಿದೆ ಎಂದು ನೋಡಿದರೆ ತವರು ತನ್ನನ್ನು ಹೇಗೆ ಇಟ್ಟುಕೊಂಡಿದೆ ಎಂದು ತಿಳಿಯುತ್ತದೆ ಎನ್ನುವುದು ಹಿಂದಿನವರ ಲೆಕ್ಕ.

ತಾರಕ್ಕ ಈ ಪದ್ಧತಿಯನ್ನು ಲೈನ್ ಮನೆಗಳಿಗೂ ತಂದರು. ತೋಟದ ಕೆಲಸದವರ ಮಗಳಿಗೆ ಮದುವೆ ಗೊತ್ತಾದರೆ ಅವಳೂ ಬಂದು ಗಿಡ ನೆಡಬೇಕು. ಗುಂಡಿಯನ್ನು ತಾರಕ್ಕನೇ ಮುಂದೆ ನಿಂತು ತೋಡಿಸುತ್ತಿದ್ದರು. ನೆಟ್ಟ ಮರುಗಳಿಗೆಯಿಂದ ಆ ಹುಡುಗಿಯ ಹೆಸರು ಅವರಿಗೆ ಮರೆತುಹೋಗುತ್ತಿತ್ತು. ಯುಗಾದಿ ಹೊತ್ತಿಗೆ ಗುಡ್ಡದಲ್ಲಿ ನಾಗಸಂಪಿಗೆ, ರಂಜ, ಜಕರಂದ ಹೂ ಬಿಟ್ಟಿರುತ್ತಿದ್ದವು. ಕಕ್ಕೆ ಆಗಷ್ಟೇ ಹಳದಿ ಇಳಿಬಿಡಲು ಶುರು ಮಾಡಿರುತ್ತಿತ್ತು. ಮಕ್ಕಳನ್ನು ಸೊಂಟದಲ್ಲಿ ಹೊತ್ತು ಬಂದವರು ತಂತಮ್ಮ ಮರದ ಕೆಳಗೆ ನಿಲ್ಲುತ್ತಿದ್ದರು. ತಾರಕ್ಕ ಕೈಯಲ್ಲಿ ಕತ್ತಿ ಹಿಡಿದು, ಸೀರೆ ಎತ್ತಿ ಕಟ್ಟಿ, ಒಬ್ಬೊಬ್ಬರನ್ನೇ ವಿಚಾರಿಸಿಕೊಂಡು ಬರುವರು.

"ಏ ನಾಗಸಂಪಿಗೆ, ಏನೇ ಇಷ್ಟು ಸೊರಗಿದೀಯ? ನಿನ್ ಮರ ನೋಡು ಹೆಂಗಿದೆ. ನಾನ್ ನೋಡ್ಕೊಂಡಷ್ಟು ನಿನ್ ಅತ್ತೆ ನೋಡ್ಕೊಳ್ಳಲ್ವಾ?"

"ಮರಕ್ಕೆ ಹಾಕ್ದಂಗೆ ನಂಗೂ ಸಗಣಿ ಗೊಬ್ಬರ ಹಾಕಿ ಅಮ್ಮ."

"ಬಾಯಿ ಮಾತ್ರ ಸೊರಗಿಲ್ಲ!"

ಆ ಮರಗಳ ಹೂ ಕೀಳುವಂತಿರಲಿಲ್ಲ. ಬಿದ್ದದ್ದನ್ನು ಯಾರು ಬೇಕಾದರೂ ಆರಿಸಿಕೊಳ್ಳಬಹುದಿತ್ತು. ಮಂಜಣ್ಣ ದೇವರ ಪೂಜೆಗೂ ಬೇಲಿಯ ದಾಸವಾಳವನ್ನೇ ನಂಬಿದ್ದರು. "ನನ್ನ ಕಾಫಿ ಗಿಡಕ್ಕೆಲ್ಲ ಒಂದೊಂದು ಮದುವೆ ಮಾಡಿದ್ರೆ ಈ ಮನೇಲಿ ಮರ್ಯಾದೆ ಸಿಗ್ತಿತ್ತೋ ಏನೋ" ಎಂದು ಬಂದವರೆಲ್ಲರ ಮುಂದೆ ದೂರುತ್ತಿದ್ದರು. ದೂರಿನಲ್ಲಿ ಕಹಿ ಇರಲಿಲ್ಲ. ಮಳೆಗಾಲದಲ್ಲಿ ಗಾಳಿ ಎದ್ದ ಮರುದಿನ, ಕಾಫಿಗೆ ಹೋಗುವ ಮೊದಲು ಅವರು ಗುಡ್ಡದಲ್ಲಿ ಒಂದು ಸುತ್ತು ಹಾಕಿ ಬರುವುದನ್ನು ನಾನು ಕಂಡಿದ್ದೇನೆ.

ಒಮ್ಮೆ ಬೆಳೆಗಾರರ ಸಭೆಗೆಂದು ಬಂದಿದ್ದ ಒಬ್ಬ ಅಧಿಕಾರಿ ಗುಡ್ಡ ನೋಡಿ ಬಹಳ ಮೆಚ್ಚಿದರು. ತಾವೂ ಒಂದು ಗಿಡ ನೆಡುವುದಾಗಿ ಹೇಳಿ, ಫೋಟೊ ತೆಗೆಯಲು ನನ್ನನ್ನು ಕರೆದರು. ತಾರಕ್ಕ ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಬಲು ಗೌರವದಿಂದ ಕೇಳಿದರು: "ಆಗ್ಲಿ ಸರ್. ನಿಮ್ಮನ್ನ ಯಾವ ಊರಿಗೆ ಕೊಟ್ಟಿದಾರೆ?"

ಅಧಿಕಾರಿಗೆ ಅರ್ಥವಾಗುವಷ್ಟರಲ್ಲಿ ಮಂಜಣ್ಣ ಅವರನ್ನು ಊಟಕ್ಕೆ ಎಬ್ಬಿಸಿಕೊಂಡು ಹೋಗಿದ್ದರು.

ತಾರಕ್ಕನದೂ ಒಂದು ಮರವಿತ್ತು. ಮನೆಯ ಕೆಳಗೆ, ಒರತೆ ಜಿನುಗುವ ತಗ್ಗಿನ ಮಧ್ಯದಲ್ಲಿ ನಿಂತಿದ್ದ ಸುರಗಿ. ಅವರನ್ನು ಅತ್ತಿಗುಂಡಿ ಕಡೆಗೆ ಕೊಟ್ಟಿದ್ದರು. ಗಂಡ ಬಹಳ ದಿನ ಬಾಳಲಿಲ್ಲ. "ನಾನ್ ಹೋಗಿ ವಾಪಸ್ ಬರೋ ಹೊತ್ತಿಗೆ ಅದಿನ್ನೂ ಮೊಣಕಾಲಿಗೂ ಬಂದಿರ್ಲಿಲ್ಲ" ಎಂದು ಒಮ್ಮೆ ಹೇಳಿದ್ದರು. ಸುರಗಿ ನಿಧಾನಕ್ಕೆ ಬೆಳೆಯುವ ಮರ. ಹೂ ಬಿಟ್ಟಾಗ ಕೊಂಬೆಗಳಿಗೇ ಅಂಟಿಕೊಂಡಂತೆ ಬಿಡುತ್ತದೆ. ಒಣಗಿದ ಮೇಲೂ ಹೂವಿನ ವಾಸನೆ ಹೋಗುವುದಿಲ್ಲ. ಅವರನ್ನು ಮಾತ್ರ ಯಾರೂ ಮರದ ಹೆಸರಿನಿಂದ ಕರೆಯುತ್ತಿರಲಿಲ್ಲ.

ಗಿಡಗಳ ಬಗ್ಗೆ ಅವರಿಗೆ ಉಪದೇಶ ಮಾಡುವ ಚಟವಿರಲಿಲ್ಲ. ಒಂದು ಮಾತನ್ನು ಮಾತ್ರ ಪದೇಪದೇ ಹೇಳುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರು ಬಿಂದಿಗೆ ಹಿಡಿದು ಗಿಡದಿಂದ ಗಿಡಕ್ಕೆ ಓಡಿದರೆ ಅಲ್ಲಿಂದಲೇ ಕೂಗುತ್ತಿದ್ದರು: "ಅರ್ಧ ನೀರು ಕೊಡಬ್ಯಾಡ ಮಾರಾಯ! ಅರ್ಧ ಕೊಟ್ರೆ ಬೇರು ಮೇಲಕ್ಕೆ ಬತ್ತದೆ, ಬಿಸ್ಲಿಗೆ ಸಾಯ್ತದೆ. ಕೊಟ್ರೆ ಪೂರ್ತಿ ಕೊಡು, ಇಲ್ಲ ಅಂದ್ರೆ ಸುಮ್ನಿರು."

ಕಾಫಿಗೂ ಇದೇ ನಿಯಮ. ಹೂಮಳೆ ಬಾರದ ವರ್ಷ ಕೆರೆಯ ನೀರನ್ನು ಪಂಪು ಮಾಡಿ ಸ್ಪ್ರಿಂಕ್ಲರಿನಲ್ಲಿ ಮಳೆಯಂತೆ ಬಿಡುತ್ತಾರೆ. ಮಣ್ಣು ಸರಿಯಾಗಿ ನೆನೆದರೆ ವಾರದೊಳಗೆ ತೋಟ ಬೆಳ್ಳಗಾಗುತ್ತದೆ. ಅರೆಬರೆ ನೆನೆದರೆ ಮೊಗ್ಗು ಎಚ್ಚರಗೊಂಡು, ಅರಳಲು ಶಕ್ತಿ ಸಾಲದೆ, ನಸುಗೆಂಪಾಗಿ ಮುದುಡಿ ನಿಲ್ಲುತ್ತದೆ. ನೀರೇ ಬಿಡದಿದ್ದರೆ ಮುಂದಿನ ಮಳೆಗೆ ಕಾಯುತ್ತಾ ಕೂರಬಹುದಿತ್ತು. ಒಮ್ಮೆ ಎಚ್ಚರಗೊಂಡ ಮೊಗ್ಗು ಕಾಯುವುದಿಲ್ಲ.

ಎರಡು ಸಾವಿರದ ಆಚೆಯ ಒಂದು ವರ್ಷ, ಕಾಫಿ ಧಾರಣೆ ನೆಲ ಕಚ್ಚಿದ್ದ ಕಾಲ. ಹಿಂದಿನ ಮಳೆಗಾಲದಲ್ಲಿ ಲೈನಿನ ಹೆಂಗಸರು ತಾರಕ್ಕನ ಹತ್ತಿರ ಬಂದಿದ್ದರು. ಅವರು ಮದುವೆಯಾಗಿ ಈ ತೋಟಕ್ಕೆ ಬಂದ ಸೊಸೆಯರು, ಈಗ ನಡುವಯಸ್ಸಿನವರು. ಅವರ ಪರವಾಗಿ ಮಾತಾಡಿದವಳು ಗಿರಿಜಾ.

"ಅಮ್ಮ, ನಮ್ ಹೆಣ್ಮಕ್ಕಳಿಗೆಲ್ಲ ಮರ ಇದೆ. ನಮ್ ತವರಲ್ಲಿ ನಮಗ್ಯಾರೂ ನೆಡಿಸ್ಲಿಲ್ಲ. ಅಲ್ಲಿ ನೆಡಕ್ಕೆ ಜಾಗನೂ ಇರ್ಲಿಲ್ಲ."

ತಾರಕ್ಕ ಗುಡ್ಡದ ಮೇಲಿನ ಬೋಳು ಇಳಿಜಾರನ್ನು ಅವರಿಗೆ ಬಿಟ್ಟುಕೊಟ್ಟರು. ಆ ಜೂನ್‌ನಲ್ಲಿ ಇಡೀ ಇಳಿಜಾರು ಗಿಡವಾಯಿತು. ನೆಡುವಾಗ ತಾರಕ್ಕ ಎಲ್ಲರ ಮುಂದೆ ಹೇಳಿದ್ದರು: "ನಿಮಗೂ ಇದೇ ತವರು ಅಂತ ತಿಳ್ಕೊಳ್ಳಿ. ಉಳಿಸೋದು ನನ್ ಕೆಲ್ಸ."

ಮರುಬೇಸಿಗೆ ಮಳೆ ಬರಲಿಲ್ಲ. ಸುತ್ತಲ ತೋಟಗಳವರು ಆಕಾಶ ನೋಡುವುದು ಬಿಟ್ಟು ಪಂಪು ಹಚ್ಚಿದರು. ಮಂಜಣ್ಣನಿಗೆ ಅದೇ ಹೊತ್ತಿಗೆ ಮಂಗಳೂರಿನಲ್ಲಿ ಕಣ್ಣಿನ ಆಪರೇಷನ್ ಗೊತ್ತಾಗಿತ್ತು. ಕೆರೆಯಲ್ಲಿ ಇದ್ದದ್ದು ಕೆಳಗಿನ ರೊಬಸ್ಟಾ ಕಾಫಿ ತೋಟಕ್ಕೆ ಸರಿಯಾಗಿ ಆಗುವಷ್ಟು ನೀರು. ಧಾರಣೆ ಬಿದ್ದು ಹೋಗಿದ್ದ ಆ ವರ್ಷ ಇಡೀ ತೋಟದ ಸಂಬಳ ನಡೆಯಬೇಕಿದ್ದದ್ದು ಆ ಬೆಳೆಯಿಂದಲೇ. ಹೊರಡುವಾಗ ಜೀಪಿನಲ್ಲಿ ಕೂತು ಅವರು ಅಕ್ಕನಿಗೆ ಹೇಳಿದ್ದು ಒಂದೇ ಮಾತು: "ಕೆರೆ ನಿನ್ ಕೈಲಿದೆ."

ನಾನು ಹೂಮಳೆ ಬಾರದ ಸುದ್ದಿ ಹಿಡಿದು ಅಲ್ಲಿಗೆ ಹೋದಾಗ ಸ್ಪ್ರಿಂಕ್ಲರ್ ತಿರುಗುತ್ತಿತ್ತು. ತಾರಕ್ಕ ತೋಟದ ದಾರಿಯಲ್ಲಿ ನಿಂತಿದ್ದರು. ಬಾಬು ಮೇಸ್ತ್ರಿ ಬಂದು, "ಪೈಪ್ ಈಗ್ಲೇ ಕೀಳೋದಾ ಅಮ್ಮ?" ಎಂದು ಕೇಳಿದ.

"ಕೀಳು."

"ಈಗಿನ್ನೂ ಅರ್ಧ ಹೊತ್ತಷ್ಟೇ..."

"ಕೀಳು ಅಂದೆ. ಮೇಲ್ಗಡೆಗೂ ನೀರ್ ಬೇಕು."

ಮೇಲ್ಗಡೆ ಎಂದರೆ ಇಳಿಜಾರು. ಅಲ್ಲಿ ಗಿರಿಜಾ ಮತ್ತು ಉಳಿದವರು ಖಾಲಿ ಬಿಂದಿಗೆ ಇಟ್ಟುಕೊಂಡು ಪೈಪಿನ ದಾರಿ ನೋಡುತ್ತಾ ಕೂತಿದ್ದರು. ಅವರು ಯಾರೂ ನೀರು ಕೇಳಿರಲಿಲ್ಲ. ಬಿಡುವಾದಾಗೆಲ್ಲ ಬಂದು ತಂತಮ್ಮ ಗಿಡದ ಹತ್ತಿರ ಕೂರುತ್ತಿದ್ದರು, ಅಷ್ಟೇ. ತಾರಕ್ಕ ಕೆಳಗಿನ ತೋಟದಲ್ಲಿ ಪ್ರತಿ ಜಾಗದಲ್ಲೂ ಅರ್ಧ ಹೊತ್ತಿಗೆ ಪೈಪು ಕೀಳಿಸಿ, ಉಳಿಸಿದ ನೀರನ್ನು ಮೇಲಕ್ಕೆ ಹತ್ತಿಸಿದರು. ಅಷ್ಟು ಎತ್ತರಕ್ಕೆ ಹೋಗುವ ಹೊತ್ತಿಗೆ ಅದೂ ಬೆರಳಿನಷ್ಟಾಗಿತ್ತು. ಕೆರೆ ತಳ ಕಂಡಿತು.

ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಮಂಜಣ್ಣ ವಾಪಸಾದ ದಿನ ನಾನು ಅಲ್ಲಿದ್ದೆ. ಅಕ್ಕಪಕ್ಕದ ತೋಟಗಳು ಬೆಳ್ಳಗಾಗಿದ್ದವು. ದಾರಿಯುದ್ದಕ್ಕೂ ಕಾಫಿ ಹೂವಿನ ವಾಸನೆ ಇತ್ತು. ಅವರ ತೋಟದೊಳಗೆ ಜೀಪು ಬಂದಾಗ ವಾಸನೆ ನಿಂತಿತು. ಮಂಜಣ್ಣ ಇಳಿದು ಕಾಫಿ ಗಿಡದ ಒಂದು ಅಡ್ಡ ಕೊಂಬೆಯನ್ನು, ತೋಟದವರು ರೆಕ್ಕೆ ಎನ್ನುವುದನ್ನು, ಮುರಿದರು. ಡಾಕ್ಟರು ಬೇಡವೆಂದಿದ್ದರೂ ಕನ್ನಡಕ ತೆಗೆದು ನೋಡಿದರು. ಗೆಣ್ಣುಗಳಲ್ಲಿ ಮೊಗ್ಗು ಕೆಂಪಗೆ ಮುದುಡಿತ್ತು. ಅದನ್ನು ಹಿಡಿದುಕೊಂಡೇ ಮನೆಗೆ ಹೋದರು.

"ಎಷ್ಟು ಹೊತ್ತು ಬಿಟ್ಟೆ ಅಕ್ಕ?"

"ಅರ್ಧ."

"ಆ ಮಾತು ಯಾರದ್ದು?"

"ನಂದೇ."

"ಮರ್ತಿದ್ಯಾ?"

"ಮರ್ತಿರ್ಲಿಲ್ಲ." ತಾರಕ್ಕ ನಿಂತೇ ಇದ್ದರು. "ನೀನ್ ಒಂದ್ ಕಡೆ, ಅವ್ರೊಂದ್ ಕಡೆ. ಒಬ್ರಿಗೆ ಇಲ್ಲ ಅನ್ಬೇಕಿತ್ತು. ಬಾಯಿ ಬರ್ಲಿಲ್ಲ."

ಮಂಜಣ್ಣ ರೆಕ್ಕೆಯನ್ನು ಜಗುಲಿಯ ಕಟ್ಟೆಯ ಮೇಲಿಟ್ಟು ಕನ್ನಡಕ ಹಾಕಿಕೊಂಡರು. "ಮೇಲ್ಗಡೆದಾದ್ರೂ ಉಳಿತಾ?" ಎಂದು ಕೇಳಿದರು.

ಉಳಿದಿರಲಿಲ್ಲ. ಅಲ್ಲೊಂದು ಇಲ್ಲೊಂದು ಹಸಿರಾಗಿತ್ತು, ಉಳಿದದ್ದು ಕಡ್ಡಿ.

ಅಕ್ಕತಮ್ಮಂದಿರಲ್ಲಿ ಜಗಳವಾಗುತ್ತದೆ ಎಂದು ಊರು ಕಾಯಿತು. ಆಗಲಿಲ್ಲ. ಇಳಿಜಾರಿನ ಹೆಂಗಸರನ್ನು ಕರೆದು ತಾರಕ್ಕ, "ಹೇಳಿದ್ ಮಾತು ನಡೆಸ್ಲಿಲ್ಲ ನಾನು" ಎಂದರು. ಗಿರಿಜಾ, "ಮತ್ತೆ ನೆಟ್ರಾಯ್ತು ಬಿಡಿ ಅಮ್ಮ" ಎಂದಳು. "ನೀರಿಲ್ದೆ ನೆಡಲ್ಲ" ಎಂದು ತಾರಕ್ಕ ಒಳಗೆ ಹೋದರು.

ಮರುದಿನ ಅವರು ತಮ್ಮನ ಮುಂದೆ ಇಟ್ಟ ಬೇಡಿಕೆ ಇನ್ನೊಂದು ಕೆರೆ. ನೀರಿನ ಒರತೆ ಇದ್ದದ್ದು ಮನೆಯ ಕೆಳಗಿನ ತಗ್ಗಿನಲ್ಲಿ ಮಾತ್ರ. ಅಗೆಯಲು ಎರಡು ಜಾಗ ಕಂಡವು. ತಗ್ಗಿನ ಅಂಚಿಗೆ, ದಾರಿಯ ಪಕ್ಕ ಅಗೆದರೆ ಕೆಲಸ ಸುಲಭ. ಆದರೆ ಅಲ್ಲಿ ಲೈನಿನ ಹುಡುಗಿಯರು ನೆಟ್ಟಿದ್ದ ಕಕ್ಕೆಯ ಸಾಲಿತ್ತು. ನಡುವಿನಲ್ಲಿ ಅಗೆದರೆ ಬಂಡೆ ಸಿಗುವ ಭಯ. ಅಲ್ಲಿ ಇದ್ದದ್ದು ಸುರಗಿ.

ಮಂಜಣ್ಣ ಅಂಚಿಗೇ ಆಗಲಿ ಎಂದರು. "ಕಕ್ಕೆ ಎಂತ, ಬೇಗ ಬೆಳೀತದೆ. ಬೇರೆ ಕಡೆ ನೆಡೋಣ."

"ಅವ್ರ ಮರ ಕಡಿಯಕ್ಕೆ ನಂಗೇನ್ ಹಕ್ಕಿದೆ?" ಎಂದರು ತಾರಕ್ಕ. "ಈ ಗುಡ್ಡದಲ್ಲಿ ನಂದು ಅಂತ ಇರೋದು ಒಂದೇ."

ಸುರಗಿ ಆಗ ಹೂ ಬಿಟ್ಟಿತ್ತು. ಕೊಂಬೆಗಳ ಮೇಲೆ ಜೇನುಹುಳುಗಳ ಸದ್ದು ಮನೆಯವರೆಗೆ ಕೇಳುತ್ತಿತ್ತು. "ಹೂ ಮುಗೀಲಿ ಅಕ್ಕ" ಎಂದರು ಮಂಜಣ್ಣ. "ಜೂನ್ ಮಳೆ ಕಾಯಲ್ಲ" ಎಂದು ತಾರಕ್ಕನೇ ಬಾಬು ಮೇಸ್ತ್ರಿಯನ್ನು ಕರೆಸಿದರು. ಮರ ಉರುಳಿದ ಮೇಲೆ ಹೆಂಗಸರು ಬುಟ್ಟಿ ಹಿಡಿದು ಸುಮ್ಮನೆ ನಿಂತಿದ್ದರು. ಬಿದ್ದ ಹೂವನ್ನು ಆರಿಸಬಹುದು, ಕೀಳಬಾರದು. ಇದು ಬಿದ್ದದ್ದೋ, ಕಡಿದದ್ದೋ? ತಾರಕ್ಕ ಬಗ್ಗಿ ಒಂದು ಕೊಂಬೆಯಿಂದ ಹೂ ಬಿಡಿಸಿ ಗಿರಿಜಾಳ ಬುಟ್ಟಿಗೆ ಹಾಕಿದರು. "ಕಿತ್ಕೊಳ್ಳಿ ಮಾರಾಯ್ತಿ. ನೋಡ್ತಾ ನಿಂತ್ರೆ ಬಾಡ್ತದೆ" ಎಂದು ಹೇಳಿ, ಅಗೆಯುವವರ ಹತ್ತಿರ ಹೋದರು.

ಬಂಡೆ ಸಿಕ್ಕಿತು, ಆದರೂ ಕೆಲಸ ನಿಲ್ಲಲಿಲ್ಲ. ಆ ಮಳೆಗಾಲ ಕೆರೆ ತುಂಬಿತು. ಇಳಿಜಾರಿನಲ್ಲಿ ಮತ್ತೆ ಗಿಡ ನೆಟ್ಟರು. ಮುಂದಿನ ಬೇಸಿಗೆಗಳಲ್ಲಿ ಕಾಫಿಗೆ ಒಂದು ಕೆರೆ, ಗುಡ್ಡಕ್ಕೆ ಒಂದು ಕೆರೆ. ನಾನು ಕಡೆಯ ಸಲ ತಾರಕ್ಕನನ್ನು ನೋಡಿದಾಗ ಅವರು ಹೊಸ ಕೆರೆಯ ಏರಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಡೆಯಲು ಕಷ್ಟವಾಗುತ್ತಿತ್ತು, ಕೂಗಲು ಆಗುತ್ತಿತ್ತು. ನಾನು ಹೊರಡುವಾಗಲೂ ಇಳಿಜಾರಿನಲ್ಲಿ ನೀರು ಹಾಯಿಸುತ್ತಿದ್ದ ಯಾರಿಗೋ "ಪೂರ್ತಿ, ಪೂರ್ತಿ" ಎನ್ನುತ್ತಿದ್ದರು. ಅದರ ಮುಂದಿನ ಮಳೆಗಾಲದಲ್ಲಿ ತೀರಿಕೊಂಡರು.

ಆಮೇಲೆ ಒಂದೇ ಸಲ ಆ ಕಡೆ ಹೋಗಿದ್ದೇನೆ. ಯುಗಾದಿಯ ಮರುದಿನ. ಜಕರಂದ ಕೆರೆಯ ನೀರಿನ ಮೇಲೆ ಉದುರಿತ್ತು. ಇಳಿಜಾರಿನ ಗಿಡಗಳು ಆಳೆತ್ತರ ದಾಟಿದ್ದವು, ಕೆಲವು ಮೊದಲ ಹೂ ಬಿಟ್ಟಿದ್ದವು. ಗಿರಿಜಾ ತನ್ನ ಹೊಳೆದಾಸವಾಳದ ಬುಡದಲ್ಲಿ ಮೊಮ್ಮಗುವಿಗೆ ಅನ್ನ ಉಣಿಸುತ್ತಿದ್ದಳು. ತವರಿಗೆ ಬಂದ ಹೆಂಗಸರು ತಂತಮ್ಮ ಮರದ ಕೆಳಗೆ ನಿಂತಿದ್ದರು. ಅವರನ್ನು ವಿಚಾರಿಸಿಕೊಳ್ಳುತ್ತಾ ಓಡಾಡುತ್ತಿದ್ದವರು ಮಂಜಣ್ಣ. ಮರದ ಹೆಸರು ಹಿಡಿದು ಕರೆಯುವುದು ಅವರಿಗೆ ಒಗ್ಗಿರಲಿಲ್ಲ. "ಏನಮ್ಮಾ, ಚೆನ್ನಾಗಿದ್ದೀಯಾ?" ಎನ್ನುತ್ತಿದ್ದರು.

ಹಿಂದಿನ ವರ್ಷವಷ್ಟೇ ಮದುವೆಯಾಗಿ ಹೋಗಿದ್ದ ಒಬ್ಬ ಹುಡುಗಿ ಗಂಡನಿಗೆ ಮರ ತೋರಿಸುತ್ತಾ ಬಂದಳು. ಇದು ಇವರದ್ದು, ಇದು ನಮ್ಮ ದೊಡ್ಡಮ್ಮನದು ಎಂದು ಹೇಳಿಕೊಂಡು ಬಂದವಳು ಮಂಜಣ್ಣನ ಹತ್ತಿರ ನಿಂತು ಕೇಳಿದಳು: "ಅಮ್ಮಾವ್ರದ್ದು ಯಾವ ಮರ ಅಯ್ಯಾ?"

ಮಂಜಣ್ಣ ಕೆರೆಯ ಕಡೆ ಕೈ ತೋರಿಸಿದರು. ಅವಳು ನೀರಿನ ಆಚೆ ದಡದಲ್ಲಿ ಹುಡುಕಿದಳು. ಬಾಬು ಮೇಸ್ತ್ರಿ ಆಗಲೇ ಪಂಪಿನ ಹತ್ತಿರ ಕಾಯುತ್ತಿದ್ದ. ಮಂಜಣ್ಣ ಅವನ ಕಡೆ ತಿರುಗಿ, "ಶುರು ಮಾಡು. ಪೂರ್ತಿ ಬಿಡು" ಎಂದರು.