ಫ್ರಿಜ್ಜಿನ ಮೇಲಿನ ಸಸಿಗಳು

ಟೊಮೆಟೊ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂದು ನಾನು ಎದೆ ತಟ್ಟಿ ಹೇಳುತ್ತಿದ್ದೆ. ಮುಂಬೈಯ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ಸಾರು ಕುದಿಸಿದವನು ನಾನು. ಹಣ್ಣು ಕೈಗೆತ್ತಿಕೊಂಡರೆ ಸಾಕು, ಇದು ಸಾರಿಗೆ, ಇದು ಚಟ್ನಿಗೆ, ಇದು ವಾಪಸ್ ಕಳಿಸಲಿಕ್ಕೆ ಎಂದು ಹೇಳಿಬಿಡುತ್ತಿದ್ದೆ. ನಿವೃತ್ತಿಯಾಗಿ ಸಯನ್ನಿನ ಮೂರನೇ ಮಾಳಿಗೆಯ ಮನೆಯಲ್ಲಿ ಕೂತ ಮೇಲೂ ಆ ಸೊಕ್ಕು ಇಳಿದಿರಲಿಲ್ಲ. ಈಗಲೂ ಪೂರ್ತಿ ಇಳಿದಿಲ್ಲ, ಅದು ಬೇರೆ ಮಾತು.

ಆದರೆ ನಮ್ಮ ಮನೆಯ ಸಾರು ಹೆಂಡತಿಯದು. ಅವಳ ಅಮ್ಮ ಊರಿನ ಬಾವಿಯ ಪಕ್ಕ ಒಂದು ಬಗೆಯ ಟೊಮೆಟೊ ಬೆಳೆಸುತ್ತಿದ್ದರು. ಗಾತ್ರ ಚಿಕ್ಕದು, ಮೈಯೆಲ್ಲ ಮಡಿಕೆ, ಹುಳಿ ಎಂದರೆ ನಾಲಿಗೆ ಚುರ್ರೆನ್ನುವ ಹುಳಿ. ಮಾರ್ಕೆಟ್ಟಿನಲ್ಲಿ ಹುಡುಕಿದರೂ ಸಿಗುವುದಲ್ಲ. ಅತ್ತೆ ಪ್ರತಿವರ್ಷ ಅದರ ಬೀಜವನ್ನು ಕಾಗದಕ್ಕೆ ಅಂಟಿಸಿ ಒಣಗಿಸಿ, ಮುಂಬೈಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಉಳಿದದ್ದು ನಮ್ಮ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದ ಒಂದೇ ಕಾಗದ, ಅದರಲ್ಲಿ ಹನ್ನೊಂದು ಬೀಜ. ಊರಲ್ಲಿ ವಿಚಾರಿಸಿದೆವು, ಅಲ್ಲೂ ಯಾರ ಹತ್ತಿರವೂ ಇರಲಿಲ್ಲ.

ಆ ವರ್ಷ ಮಗಳ ಹೆರಿಗೆ. ಬಾಣಂತನಕ್ಕೆ ಅವಳು ಇಲ್ಲಿಗೇ ಬರಬೇಕಿತ್ತು. ಆದರೆ ಮಳೆ ನಿಂತ ಕೂಡಲೇ ಹೌಸಿಂಗ್ ಸೊಸೈಟಿಯವರು ಬಿಲ್ಡಿಂಗಿನ ರಿಪೇರಿ ಶುರು ಮಾಡಿದರು. ಸುತ್ತಲೂ ಬಿದಿರಿನ ಅಟ್ಟಣಿಗೆ, ಅದರ ಮೇಲೆ ಟೆರೇಸಿನಿಂದ ನೆಲದವರೆಗೆ ಹಸಿರು ಬಲೆ, ದಿನವಿಡೀ ಧೂಳು. ಹಸುಗೂಸನ್ನು ಈ ಧೂಳಿಗೆ ತರುವುದುಂಟೇ? ಹೆಂಡತಿಯೇ ನಾಲ್ಕು ತಿಂಗಳಿಗೆಂದು ಪುಣೆಗೆ ಹೊರಟಳು. ಹೊರಡುವ ದಿನ ಆ ಕಾಗದವನ್ನು ನನ್ನ ಕೈಗಿಟ್ಟಳು.

“ದೀಪಾವಳಿ ಕಳೆದ ಕೂಡ್ಲೆ ಹಾಕಿ. ಮನೆ ಒಳಗೇ ಇಡಿ, ಹೊರಗಿಟ್ರೆ ಪಾರಿವಾಳ ಕಿತ್ತು ಹಾಕ್ತದೆ. ಕೇಳಿದ್ರಾ? ಇದು ಹೋದ್ರೆ ಅಮ್ಮನ ಸಾರು ಹೋಯ್ತು.”

“ಎಂತ ಮಾರಾಯ್ತಿ, ನನಗೇ ಟೊಮೆಟೊ ಪಾಠವಾ?”

“ಪಾಠ ಅಲ್ಲ. ನಿಮ್ಮ ಈ ಧೈರ್ಯ ನೋಡಿಯೇ ನನಗೆ ಹೆದರಿಕೆ.”

ಬೀಜ ಮೊಳೆಯಲು ಏನು ಬೇಕು? ಬೆಚ್ಚಗಿನ ಜಾಗ. ಇಡ್ಲಿ ಹಿಟ್ಟು ಹುದುಗಲು ಏನು ಬೇಕು? ಅದೇ ಬೆಚ್ಚಗಿನ ಜಾಗ. ಆ ಶಾಸ್ತ್ರ ನನಗೆ ಅಂಗೈಯಷ್ಟೇ ಪರಿಚಿತ. ಚಹಾದ ಕಾಗದದ ಕಪ್ಪುಗಳ ತಳಕ್ಕೆ ತೂತು ಮಾಡಿ, ಮಣ್ಣು ತುಂಬಿ, ಒಂದೊಂದರಲ್ಲಿ ಒಂದೊಂದು ಬೀಜ ಇಟ್ಟೆ. ನಮ್ಮ ಹಿಟ್ಟಿನ ಪಾತ್ರೆ ಇಡುವ ಜಾಗ ಫ್ರಿಜ್ಜಿನ ಮೇಲೆ. ಅಲ್ಲೇ ಕಪ್ಪುಗಳನ್ನು ಸಾಲಾಗಿಟ್ಟು ಒದ್ದೆ ಬಟ್ಟೆ ಮುಚ್ಚಿದೆ. ಆರನೇ ದಿನ ಒಂಬತ್ತು ಕಪ್ಪುಗಳಲ್ಲಿ ಮೊಳಕೆ! ನನ್ನ ಖುಷಿ ಕೇಳಬೇಡಿ. ವಿಡಿಯೋ ಕಾಲ್ ಮಾಡಿ ಹೆಂಡತಿಗೆ, ಮಗಳಿಗೆ, ಎರಡು ವಾರದ ಮೊಮ್ಮಗಳಿಗೂ ತೋರಿಸಿದೆ.

ತಪ್ಪಿದ್ದು ಅಲ್ಲಿಂದ ಮುಂದೆ. ಮೊಳಕೆ ಬಂದ ದಿನವೇ ಅವನ್ನು ಬೆಳಕಿಗೆ ತರಬೇಕಿತ್ತು. ನಾನು ಫ್ರಿಜ್ಜಿನ ಮೇಲೆಯೇ ಬಿಟ್ಟೆ, ಬೆಳಿಗ್ಗೆ ಸಂಜೆ ಉಗುರುಬೆಚ್ಚಗಿನ ನೀರು ಬೇರೆ ಹೊಯ್ದೆ. ಸಸಿಗಳು ದಿನದಿಂದ ದಿನಕ್ಕೆ ಉದ್ದವಾದವು. ಹಿಟ್ಟು ಮೇಲೆ ಬಂದಷ್ಟೂ ಇಡ್ಲಿ ಹಗುರವಲ್ಲವೇ, ಹಾಗೆಯೇ ಇದೂ ಎಂದುಕೊಂಡೆ. ಗೇಣುದ್ದ ಆದವು, ಬಿಳಿಚಿಕೊಂಡವು, ಎಲ್ಲವೂ ಟ್ಯೂಬ್‌ಲೈಟಿನ ಕಡೆಗೆ ವಾಲಿದವು. ಹದಿನೈದನೇ ದಿನ ಬೆಳಿಗ್ಗೆ ನೋಡುತ್ತೇನೆ, ನಾಲ್ಕು ಬುಡದಲ್ಲಿ ಕೊಳೆತು ಮಕಾಡೆ ಮಲಗಿದ್ದವು.

ನನ್ನ ಜೀವ ಬಾಯಿಗೆ ಬಂತು. ಅಂದು ಹೆಂಡತಿಯ ಫೋನು ಬಂದಾಗ ಎತ್ತಲಿಲ್ಲ. ಮಾರನೇ ದಿನವೂ ಎತ್ತಲಿಲ್ಲ. ನೂರು ಜನರ ಊಟ ಕೆಟ್ಟರೂ ಮಾಲೀಕನ ಎದುರು ನಿಂತು ಒಪ್ಪಿಕೊಂಡವನಿಗೆ ಹೆಂಡತಿಯ ಮುಂದೆ ನಾಲ್ಕು ಸಸಿ ಸತ್ತವು ಎನ್ನಲು ಬಾಯಿ ಬರಲಿಲ್ಲ. ಮೂರನೇ ದಿನ ಅವಳಿಂದ ಒಂದು ವಾಯ್ಸ್ ಮೆಸೇಜು ಬಂತು. “ಸತ್ತಿದ್ರೆ ಹೇಳ್ಬೇಡಿ. ನಾನು ಬಂದ ಮೇಲೆ ನೋಡಿಕೊಳ್ತೇನೆ.” ಅಷ್ಟೇ. ಬೈದಿದ್ದರೂ ವಾಸಿಯಿತ್ತು. ಅದನ್ನು ನಾಲ್ಕು ಸಲ ಕೇಳಿ ಅಡುಗೆಮನೆಯಲ್ಲಿ ಆ ಸಸಿಗಳನ್ನೇ ನೋಡುತ್ತ ನಿಂತೆ.

ಆಗಲೇ ಕಿಟಕಿಯ ಹೊರಗಿನಿಂದ ದನಿ ಬಂತು.

“ಕಾಕಾ, ಏನ್ರಿ ಅದು, ಶ್ಯಾವಿಗಿ ಒಣಾಕ ಇಟ್ಟೀರೇನು?”

ಅಟ್ಟಣಿಗೆಯ ಮೇಲೆ ಕೂತು ನಮ್ಮ ಗೋಡೆಯ ಬಿರುಕಿಗೆ ಗಾರೆ ಮೆತ್ತುತ್ತಿದ್ದವನು ಅವನು. ವಿಜಯಪುರದ ಕಡೆಯವನು, ಐವತ್ತರ ಆಸುಪಾಸು. ನನಗೆ ಸಿಟ್ಟು ನೆತ್ತಿಗೇರಿತು.

“ಟೊಮೆಟೊ ಸಸಿ ಮಾರಾಯಾ! ಕಣ್ಣು ಕಾಣುದಿಲ್ವಾ?”

“ನನಗ ಕಾಣ್ತೈತ್ರಿ. ಅವಕ್ಕ ಬೆಳಕ ಕಾಣವಲ್ದು. ಎಲ್ಲೈತಿ ಬೆಳಕ ಅಂತ ಹುಡುಕ್ಕೋತ ಕುತ್ತಿಗಿ ಚಾಚ್ಯಾವ, ಪಾಪ.”

ಎಂಥ ಮಾತು! ಕೂಡಲೇ ಅರ್ಥವಾಯಿತು. ಬೆಳವಣಿಗೆ ಎಂದು ನಾನು ಹಿಗ್ಗಿದ್ದೆಲ್ಲ ಅವುಗಳ ಪರದಾಟವಾಗಿತ್ತು. ಸಿಟ್ಟು ಇಳಿದು, ಅತ್ತೆಯ ಬೀಜದಿಂದ ಹಿಡಿದು ವಾಯ್ಸ್ ಮೆಸೇಜಿನವರೆಗೆ ಎಲ್ಲ ಅವನಿಗೆ ಹೇಳಿಬಿಟ್ಟೆ. ಅವನು ಕರಣೆಯನ್ನು ಬಕೆಟ್ಟಿಗೆ ಹಾಕಿ ಕೇಳಿಸಿಕೊಂಡ.

“ಐದು ಉಳದಾವಲ್ರಿ, ಅಂಜಬ್ಯಾಡ್ರಿ. ಆಳಕ್ಕ ಹುಗೀರಿ. ಮ್ಯಾಲಿನ ಎಲಿ ಅಷ್ಟ ಕಾಣಬೇಕು. ಟಮಾಟಿ ದಂಟು ಹುಗದಲ್ಲೆಲ್ಲ ಬೇರು ಒಡೀತೈತಿ. ನೀರು ಮಾತ್ರ ಮಣ್ಣು ಒಣಗಿದ ಮ್ಯಾಲ ಹಾಕ್ರಿ, ಹಿಂಗ ದಿನಾ ಜಳಕಾ ಮಾಡಸಬ್ಯಾಡ್ರಿ.”

“ಬೆಳಕಿಗೆ ಎಂತ ಮಾಡುದು? ಕಿಟಕಿಗೆಲ್ಲ ನಿಮ್ಮದೇ ಬಲೆ!”

“ದಿನಾ ಮುಂಜಾನೆ ನನ್ನ ಕೈಯಾಗ ಕೊಡ್ರಿ. ಬಲಿ ಹೊರಗ ಚಾಚಿದ ಹಲಿಗಿ ಮ್ಯಾಲ ಇಡ್ತೀನಿ. ಮೊದಲ ಅರ್ಧ ತಾಸು, ಆಮ್ಯಾಲ ಒಂದು ತಾಸು, ಹಂಗ ಹೆಚ್ಚ ಮಾಡೂಣು. ಗಾಳಿಗೆ ಅಳ್ಳಾಡಿದ್ರನ ದಂಟು ಗಟ್ಟಿ ಆಕ್ಕೈತ್ರಿ. ಪಾರಿವಾಳಕ್ಕ ನಾ ಅದೀನಿ.”

ಅಂದೇ ಹಾಲಿನ ಖಾಲಿ ಪ್ಯಾಕೆಟ್ಟುಗಳನ್ನು ತೊಳೆದು, ತಳಕ್ಕೆ ತೂತು ಮಾಡಿ, ಐದು ಸಸಿಗಳನ್ನು ಕುತ್ತಿಗೆವರೆಗೆ ಹೂತೆ. ಎರಡು ಸಸಿ ಆ ವಾರವೇ ಹೋದವು. ಮೂರು ಉಳಿದವು.

ಆಮೇಲೆ ನಮ್ಮದೊಂದು ದಿನಚರಿಯಾಯಿತು. ಬೆಳಿಗ್ಗೆ ನಾನು ಗ್ರಿಲ್ಲಿನ ಸಂದಿಯಿಂದ ಮೂರು ಪ್ಯಾಕೆಟ್ಟು ಕೊಡುವುದು, ಜೊತೆಗೆ ಒಂದು ಲೋಟ ಕಾಫಿ. ಸಂಜೆ ಅವನು ಪ್ಯಾಕೆಟ್ಟುಗಳನ್ನು ವಾಪಸ್ ಕೊಡುವುದು, ಜೊತೆಗೆ ಏನಾದರೊಂದು ಕೀಟಲೆ. ಅವನ ರಜೆಯ ದಿನ ಸಸಿಗಳನ್ನು ಕಿಟಕಿಗೆ ಆನಿಸಿಟ್ಟು, ಅವನು ಹೇಳಿದಂತೆ ಅಂಗೈಯಿಂದ ನೆತ್ತಿ ಸವರುತ್ತಿದ್ದೆ. ಗಾಳಿ ಇಲ್ಲದ ದಿನ ಅದೇ ಗಾಳಿಯಂತೆ. ತಿಂಗಳಲ್ಲಿ ದಂಟು ಪೆನ್ಸಿಲಿನಷ್ಟು ದಪ್ಪವಾಗಿ ನೇರಳೆಗೆ ತಿರುಗಿತು, ಎಲೆಗೆ ಖಾರವಾದ ಘಮ ಬಂತು. ನನ್ನ ದನಿಯೂ ಮೊದಲಿನಂತೆ ಏರಿತು. ಹೆಂಡತಿಯ ಫೋನು ಎತ್ತತೊಡಗಿದೆ, ಮಗುವಿನ ಸುದ್ದಿ ಮಾತಾಡಿದೆವು. ಸಸಿಯ ಸುದ್ದಿ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೂರೇ ಗಿಡ, ಯಾವಾಗ ಕೈಕೊಡುತ್ತವೋ ಎಂಬ ಅಳುಕು ಒಳಗೆ ಇದ್ದೇ ಇತ್ತು.

ಒಂದು ಸಂಜೆ ಅವನನ್ನು ಕೇಳಿದೆ, “ನೀನು ಎಂತದಾದ್ರೂ ನೆಟ್ಟಿದ್ದೀಯಾ ಇಲ್ಲಿ?”

“ಎಲ್ಲಿ ಹಚ್ಚೂದ್ರಿ ಕಾಕಾ? ಮುಂಬೈಗೆ ಬಂದು ಹನ್ನೆರಡು ವರ್ಷ ಆತು. ನಾಲ್ಕ ತಿಂಗಳಿಗೊಂದು ಬಿಲ್ಡಿಂಗು.” ನಗುತ್ತಲೇ ಹೇಳಿದ.

ಸಂಕ್ರಾಂತಿ ಕಳೆದು ಬಲೆ ಇಳಿಯಿತು, ಅಟ್ಟಣಿಗೆ ಬಿಚ್ಚಿದರು. ಅವನು ಭಾಂಡುಪಿನ ಒಂದು ಸೈಟಿಗೆ ಹೋದ. ಆ ಹೊತ್ತಿಗೆ ಕಿಟಕಿಯ ದೊಡ್ಡ ಕುಂಡಗಳಲ್ಲಿ ಗಿಡ ಹೂ ಬಿಟ್ಟಿತ್ತು, ಪಾರಿವಾಳ ಎಳೆದರೂ ಜಗ್ಗುವಂತಿರಲಿಲ್ಲ.

ಹೆಂಡತಿ ಬಂದದ್ದು ಶಿವರಾತ್ರಿಯ ವಾರ. ಬಾಗಿಲು ತೆಗೆದೆ. ಚಪ್ಪಲಿ ಸಹ ಬಿಡದೆ ನೇರ ಅಡುಗೆಮನೆಗೆ ಹೋದಳು, ಫ್ರಿಜ್ಜಿನ ಮೇಲೆ ನೋಡಿದಳು, ಕಿಟಕಿ ನೋಡಿದಳು. ಮೂರು ಗಿಡಗಳಲ್ಲೂ ಮಡಿಕೆ ಮಡಿಕೆಯ ಕಾಯಿ, ಎರಡು ಕೆಂಪಾಗಿದ್ದವು. ಅವಳು ಅತ್ತುಬಿಟ್ಟಳು. ನನಗೂ ಕಣ್ಣು ತುಂಬಿತು, ಅದರಲ್ಲಿ ಮುಚ್ಚಿಡುವುದೇನಿದೆ? ಆಮೇಲೆ ಅವಳು ಒಂದು ಕುಂಡದ ಮಣ್ಣಿಗೆ ಬೆರಳು ಹಾಕಿ ಬುಡ ಮುಟ್ಟಿ ನೋಡಿದಳು.

“ಇಷ್ಟು ಆಳ ಹೂಳ್ಬೇಕು ಅಂತ ನಿಮಗೆ ಯಾರು ಹೇಳಿದ್ದು? ಅಮ್ಮ ಹೀಗೇ ಮಾಡ್ತಿದ್ಲು. ನಿಮಗೆ ಹೇಳ್ಲಿಕ್ಕೆ ಮರ್ತೇ ಹೋಗಿತ್ತು. ನೆನಪಾದ ದಿನವೇ ಫೋನ್ ಮಾಡಿದೆ. ನೀವು ಎತ್ಲಿಲ್ಲ. ಮರುದಿನವೂ ಎತ್ಲಿಲ್ಲ. ಎಲ್ಲ ಸತ್ತಿದೆ, ಇನ್ನು ಹೇಳಿ ಎಂತ ಮಾಡುದು ಅಂತ ಬಿಟ್ಟೆ.”

ನಾನೇ ಎಂದು ಎದೆ ತಟ್ಟಿಕೊಳ್ಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಶ್ಯಾವಿಗೆಯ ಮಾತಿನಿಂದ ಹಿಡಿದು ಎಲ್ಲ ಹೇಳಿದೆ. ಅವಳು ಒಂದು ಹಣ್ಣನ್ನು ಸಾರಿಗೆ ಹಾಕಿದಳು. ಇನ್ನೊಂದನ್ನು ಕೊಯ್ದು ಬೀಜ ತೆಗೆದು, ಎರಡು ಕಾಗದಗಳ ಮೇಲೆ ಹರಡಿ ಒಣಗಿಸಿದಳು. ಒಂದು ಕ್ಯಾಲೆಂಡರಿನ ಹಿಂದೆ ಹೋಯಿತು. ಇನ್ನೊಂದನ್ನು ಮಡಿಚಿ ನನ್ನ ಶರ್ಟಿನ ಜೇಬಿಗೆ ಹಾಕಿದಳು.

“ಇನ್ನು ಇದು ಎರಡು ಕಡೆ ಇರ್ಲಿ” ಎಂದಳು.

ಲೋಕಲ್ ರೈಲು ಹಿಡಿದು ಭಾಂಡುಪಿಗೆ ಹೋದೆ. ಅವನು ಐದನೇ ಮಾಳಿಗೆಯಿಂದ ಇಳಿದು ಬಂದು, ಗಾರೆ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕಾಗದ ಬಿಚ್ಚಿದ. ಬೆರಳು ತಾಗಿಸದೆ ಎಣಿಸಿದ.

“ಹನ್ನೊಂದು ಅದಾವ್ರಿ.”

“ಹೌದು. ನನ್ನ ಹೆಂಡತಿ ಲೆಕ್ಕ ಮಾಡಿಯೇ ಹಾಕಿದ್ದಾಳೆ.”

ಅವನು ಕಾಗದ ಮಡಿಚಿ, ಹೆಲ್ಮೆಟ್ ತೆಗೆದು, ಅದರ ಒಳಪಟ್ಟಿಗೆ ಸಿಕ್ಕಿಸಿ ಮತ್ತೆ ತಲೆಗೆ ಹಾಕಿಕೊಂಡ. ಆಮೇಲೆ ನನ್ನ ಮುಖ ನೋಡಿ ಹಲ್ಲು ಬಿಟ್ಟ.

“ಹಲಿಗಿ ಮ್ಯಾಲ ಇಡ್ತೀನಿ ಕಾಕಾ. ನೀವು ಚಿಂತಿ ಮಾಡಬ್ಯಾಡ್ರಿ, ನನ್ನ ಕಡೆ ಫ್ರಿಜ್ ಇಲ್ಲ.”