ಗುರುತು ಸಿಗದ ಹಾರ್ಡ್‌ಡಿಸ್ಕ್

ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದ ಹಾರ್ಡ್‌ಡಿಸ್ಕ್‌ನ ದೀಪ ಮಿನುಗುತ್ತಿತ್ತು, ಆದರೆ ಪರದೆಯ ಮೇಲೆ ‘ಈ ಸಾಧನದ ಗುರುತು ಸಿಗಲಿಲ್ಲ’ ಎಂದೇ ಬರುತ್ತಿತ್ತು. ಆ ಮಾತು ನನ್ನನ್ನು ಮುಂಬೈ ಪಕ್ಕದ ಡೊಂಬಿವಲಿಯ ಹಳೆಯ ಮನೆಗೆ ಎಳೆದೊಯ್ದಿತು.

ಊರಿನಿಂದ ದೊಡ್ಡಮ್ಮ ಬಂದರೆ ಅವಳ ಚೀಲದ ಹಲಸಿನ ಹಪ್ಪಳದ ವಾಸನೆ ಮನೆ ತುಂಬುತ್ತಿತ್ತು. ಅಕ್ಕನ ಕೆನ್ನೆ ಹಿಂಡಿ, “ಥೇಟ್ ಅಮ್ಮನದ್ದೇ ಮುಖ!” ಎನ್ನುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, “ಇದು ಯಾರು ಮಾರಾಯ್ತಿ, ಪಕ್ಕದ ಮನೆ ಮರಾಠಿ ಹುಡುಗಿಯಾ?” ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಾನು ಹೋಗಿ ಕನ್ನಡಿಯ ಮುಂದೆ ನಿಲ್ಲುತ್ತಿದ್ದೆ.

ಮೊನ್ನೆ ಅದೇ ದೊಡ್ಡಮ್ಮ ವಿಡಿಯೊ ಕಾಲ್‌ನಲ್ಲಿ ನನ್ನ ಮಗಳನ್ನು ನೋಡಿ, “ನಿನ್ನ ಅಕ್ಕನದ್ದೇ ಪಡಿಯಚ್ಚು” ಅಂದಳು. ಹೆತ್ತವಳು ನಾನು, ನಿದ್ದೆಗೆಟ್ಟವಳೂ ನಾನು! ನಾನು ಮಗುವಾಗಿದ್ದಾಗಿನ ಫೋಟೋ ಇರುವುದು ಈ ಡಿಸ್ಕ್‌ನಲ್ಲಿ ಮಾತ್ರ.

ಕೊನೆಗೆ ಗಂಡನ ಆಫೀಸ್ ಬ್ಯಾಗಿನ ಕೇಬಲ್ ಹಾಕಿದೆ, ತೆರೆದುಕೊಂಡಿತು. ಫೋಟೋದಲ್ಲಿ ಅಕ್ಕನ ತೊಡೆಯ ಮೇಲೆ ನಾನು, ಥೇಟ್ ನನ್ನ ಮಗಳು! ಅಕ್ಕನನ್ನು ಕತ್ತರಿಸಿ, ನನ್ನ ಮುಖವನ್ನಷ್ಟೇ ಅಮ್ಮನಿಗೆ ಕಳಿಸಿದೆ.

ತಕ್ಷಣ ಅಮ್ಮನ ಫೋನ್ ಬಂತು. “ಅಕ್ಕನ ಈ ಫೋಟೋ ಎಲ್ಲಿತ್ತೇ?”

ಡಿಸ್ಕ್‌ನ ಗುರುತು ಸಿಗಲಿಕ್ಕಾದರೆ ಕೇಬಲ್ ಬದಲಿಸಿದ್ದೇ ಸಾಕಾಯಿತು.